ರೊಟ್ಟಿ ಮುರಿದ ಮೇಲೆ ತೆಗೆದ ಕಾಗದ

ತುಯುಕ್-ಬೆಲ್
14 ಅಕ್ಟೋಬರ್ 2006

ಉಲ್ಕಾನ್ ಅಕ್ಕಾ,

ಆ ಕಾಗದವನ್ನು ನಾನು ನಿಮಗೆ ಪೂರ್ತಿ ಓದಿ ಹೇಳಲಿಲ್ಲ. ಎಂಟು ತಿಂಗಳಿಂದ ಇದೊಂದು ಮಾತನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ. ಬರೆದರೆ ಹಗುರಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

ನಾನು ಕನಿಶಾಯ್. ನಿದ್ದೆ ಡಾಕ್ಟರಮ್ಮ ದಿಲ್ಬರ್ ತೆಮಿರೋವ್ನಾ ಅವರ ಜೊತೆ ನಿಮ್ಮ ಮನೆಗೆ ಬಂದವಳು. ಅಕ್ಷರ ನೋಡಿ ನಿಮಗೆ ಗುರುತು ಸಿಗಲಿಕ್ಕಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳ ಅಕ್ಷರವನ್ನು ಯಾರು ನೋಡಿರುತ್ತಾರೆ?

ಫೆಬ್ರವರಿಯ ಆ ದಿನ ನಿಮಗೆ ನೆನಪಿರಬಹುದು. ನಿಮ್ಮ ಅತ್ತೆ ಬುರ್ಮಾ ಅಜ್ಜಿ ಬಟ್ಟೆ ಹಾಸಿ ರೊಟ್ಟಿ, ಕೆನೆ, ಜಾಮು ಇಟ್ಟರು. ನೀವು ಸೊಸೆಯ ಜಾಗದಲ್ಲಿ, ಬಾಗಿಲ ಪಕ್ಕ ಕೂತು ಎಲ್ಲರ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದಿರಿ. ಡಾಕ್ಟರಮ್ಮ ರೊಟ್ಟಿ ಮುರಿದು ಬಾಯಿಗಿಟ್ಟುಕೊಳ್ಳುವವರೆಗೂ ನಾನು ಕಾದೆ. ಆಮೇಲೆ ಚೀಲದಿಂದ ಡಾಕ್ಟರಮ್ಮನ ಹೊಸ ಚಿಕಿತ್ಸೆಯ ಅಧ್ಯಯನಕ್ಕೆ ಒಪ್ಪಿಗೆಯ ಕಾಗದ ತೆಗೆದೆ. ಅದು ನನ್ನದೇ ಉಪಾಯ. ಮನೆಯ ರೊಟ್ಟಿ ತಿಂದ ಅತಿಥಿಯ ಮಾತಿಗೆ ನಮ್ಮಲ್ಲಿ ಯಾರೂ ಇಲ್ಲ ಅನ್ನುವುದಿಲ್ಲವಲ್ಲ. ನಲವತ್ತೆರಡು ಮನೆಗಳಲ್ಲಿ ಹೀಗೇ ಮಾಡಿದೆ, ಒಂದು ಮನೆಯೂ ತಪ್ಪಲಿಲ್ಲ.

ಕಾಗದ ರಷ್ಯನ್ ಭಾಷೆಯಲ್ಲಿತ್ತು. ನಾನು ನೋಡಿಕೊಂಡು ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಎರಡನೇ ಪುಟಕ್ಕೆ ಬಂದಾಗ ನಿಮ್ಮ ಅತ್ತೆ ಕೇಳಿದರು:

"ಏನೇ ಅದು, ಹೆಣದ ಪ್ರಾರ್ಥನೆಗಿಂತ ಉದ್ದ ಇದೆ?"

"ಸರ್ಕಾರಿ ಮಾತು ಅಜ್ಜಿ."

"ಸರ್ಕಾರದೋರಿಗೆ ಬಾಯಿ ಉದ್ದ, ಕಿವಿ ಗಿಡ್ಡ. ಮುಗಿಸು ಬೇಗ, ಚಹಾ ಆರೋಗ್ತಿದೆ."

ನಾನು ಮುಗಿಸಿದೆ. ಮೂರನೆಯ ಭಾಗವನ್ನು ಬಿಟ್ಟು ಮುಗಿಸಿದೆ. ನೀವು ಸಹಿ ಹಾಕಿದಿರಿ.

ಬಿಟ್ಟದ್ದು ಇದು. ಆ ಕೆಟ್ಟ ದಿನವನ್ನು ನೀವು ಕಣ್ಣು ಮುಚ್ಚಿಕೊಂಡು, ಈಗಲೇ ನಡೆಯುತ್ತಿದೆ ಎನ್ನುವ ಹಾಗೆ, ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಮೊದಲ ವಾರಗಳಲ್ಲಿ ಸಂಕಟ ಕಡಿಮೆಯಾಗುವ ಬದಲು ಹೆಚ್ಚಬಹುದು. ನೀವು ಹೇಳಿದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕೊಡುತ್ತಾರೆ, ಅದನ್ನು ಮನೆಯಲ್ಲಿ ದಿನಾ ಕೇಳಬೇಕು. ಮನೆಯಲ್ಲಿ ಅದನ್ನು ಕೇಳಬಾರದವರು ಯಾರಾದರೂ ಇದ್ದರೆ ಡಾಕ್ಟರಿಗೆ ತಿಳಿಸಿ, ಕ್ಯಾಸೆಟ್ಟು ಆಸ್ಪತ್ರೆಯಲ್ಲೇ ಇರುತ್ತದೆ, ಅಲ್ಲೇ ಬಂದು ಕೇಳಬಹುದು. ಮತ್ತೆ ಕೊನೆಗೆ, ಯಾವ ದಿನ ಬೇಕಾದರೂ, ಕಾರಣ ಹೇಳದೆ, ನೀವು ಇದನ್ನು ನಿಲ್ಲಿಸಬಹುದು.

ಯಾಕೆ ಬಿಟ್ಟೆ? ಅತ್ತೆ ಎದುರಿಗಿದ್ದರು, ಅದನ್ನೆಲ್ಲ ಕೇಳಿದ್ದರೆ ಕಳಿಸುತ್ತಿರಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ. ನಾನು ಶಾಲೆ ಬಿಟ್ಟದ್ದು ಯಾಕೆಂದು ಊರಿಗೆ ಗೊತ್ತು. ಪರೀಕ್ಷೆಯ ಉತ್ತರಗಳನ್ನು ಮೇಷ್ಟ್ರು ಮೊದಲೇ ಹಲಗೆಯ ಮೇಲೆ ಬರೆದುಕೊಟ್ಟಿದ್ದರು, ಇನ್‌ಸ್ಪೆಕ್ಟರ್ ಕೇಳಿದಾಗ ಹೌದು ಅಂದೆ. ಅವತ್ತಿನಿಂದ ಬಾಯಿಗೆ ಬಾಗಿಲಿಲ್ಲದ ಹುಡುಗಿ ಅನ್ನಿಸಿಕೊಂಡೆ. ಡಾಕ್ಟರಮ್ಮ ನನ್ನನ್ನು ಆರಿಸಿದ್ದೂ ಅದಕ್ಕೇ. "ಇವಳು ಸುಳ್ಳು ಹೇಳಲ್ಲ ಅಂತ ಊರೇ ಹೇಳತ್ತೆ, ಇವಳ ಮಾತು ಜನ ನಂಬ್ತಾರೆ" ಅಂದಿದ್ದರು. ನನ್ನನ್ನು ಯಾರಾದರೂ ಮೆಚ್ಚಿ ಮಾತಾಡಿದ್ದು ಅದೇ ಮೊದಲು. ಇನ್ನೊಂದು ಸಲ ಅನ್ನಲಿ ಅಂತ ಇತ್ತು. ಸುಳ್ಳು ನಾನು ಹೇಳಲಿಲ್ಲ ನೋಡಿ. ಓದಲಿಲ್ಲ, ಅಷ್ಟೇ.

ಮೇ ತಿಂಗಳಲ್ಲಿ ನೀವು ಹಾಲು ಕರೆಯಲು ಹೋದಾಗ ಬುರ್ಮಾ ಅಜ್ಜಿ ಆ ಕ್ಯಾಸೆಟ್ಟನ್ನು ಮದುವೆ ಹಾಡಿನದು ಅಂದುಕೊಂಡು ನೆಂಟರ ಮುಂದೆ ಹಾಕಿದರು. ನಿಮ್ಮ ಮಗು ತಿಲೆಕ್ ತಾಯಿಯ ಅಜಾಗ್ರತೆಯಿಂದ ಹೊಳೆಗೆ ಬಿದ್ದ ಎಂದು ಮೂರು ವರ್ಷ ಊರು ನಂಬಿತ್ತು. ಕ್ಯಾಸೆಟ್ಟಿನಲ್ಲಿ ನಿಮ್ಮ ಮಾವ ಕುಡಿದು, ಮಗುವನ್ನು ಜೀನಿನ ಮುಂದೆ ಕೂರಿಸಿಕೊಂಡು, ಉಕ್ಕುವ ಹೊಳೆಗೆ ಕುದುರೆ ಇಳಿಸಿದರು. ನೀವು ದಡದಿಂದ ಅವರ ಹೆಸರು ಹಿಡಿದು ಕೂಗಿದಿರಿ. ಸೊಸೆ ಮಾವನ ಹೆಸರು ಅನ್ನಬಾರದು, ಆ ಹೆಸರಿನಲ್ಲಿ ಕಲ್ಲು ಇದೆಯೆಂದು ಹನ್ನೊಂದು ವರ್ಷ ಕಲ್ಲನ್ನೂ 'ಗಟ್ಟಿ' ಎಂದೇ ಕರೆದವರು ನೀವು. ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಓದುವಾಗ ನಿಮ್ಮ ನಾಲಿಗೆಗೆ ಬರಬಾರದು.

ಆ ಮೂರನೆಯ ಭಾಗ ಓದಿದ್ದರೆ ಕ್ಯಾಸೆಟ್ಟು ಆಸ್ಪತ್ರೆಯಲ್ಲಿರುತ್ತಿತ್ತು. ನಿಮ್ಮನ್ನು ಮನೆಯಿಂದ ಹೊರಗೆ ಹಾಕುತ್ತಿರಲಿಲ್ಲ, ಮಗಳು ಐಜಮಾಲ್ ನಿಮ್ಮ ಪಕ್ಕ ಮಲಗಿರುತ್ತಿದ್ದಳು. ಇದನ್ನು ನಿಮ್ಮ ಮನೆಯವರಿಗೆ ಹೇಳುತ್ತೇನೆ. ನಿಮ್ಮ ತಪ್ಪಲ್ಲ ಎಂದು ಗೊತ್ತಾದರೆ ಕರೆಸಿಕೊಳ್ಳಬಹುದು.

ಪತ್ರವನ್ನು ವ್ಯಾನಿನ ಜುಮಶ್ ಅಣ್ಣನ ಕೈಲಿ ಕಳಿಸುತ್ತಿದ್ದೇನೆ.

ಕನಿಶಾಯ್

*

ಬಿಷ್ಕೆಕ್
5 ನವೆಂಬರ್ 2006

ಕನಿಶಾಯ್,

ನಿನ್ನ ಪತ್ರ ಜುಮಶ್ ಕೊಟ್ಟ. ನಮ್ಮ ಹೊಲಿಗೆ ಕಾರ್ಖಾನೆಯ ಗೇಟು ತೆರೆಯುವುದು ಭಾನುವಾರ ಮಾತ್ರ. ಅವತ್ತು ಅವನು ಗೇಟಿನ ಹೊರಗೆ ನಿಂತು "ತುಯುಕ್-ಬೆಲ್‌ನೋರು ಯಾರಮ್ಮಾ" ಅಂತ ಕೂಗುತ್ತಾನೆ. ಇಪ್ಪತ್ತೆರಡು ಹೆಂಗಸರಲ್ಲಿ ನಾನೊಬ್ಬಳೇ. ಆದರೂ ಕೂಗುತ್ತಾನೆ, ಸಂತೆಯಲ್ಲಿ ಕುರಿ ಹುಡುಕುವವನ ಹಾಗೆ.

ನೀನು ಹೆದರಿದ್ದೀಯ ಅನ್ನಿಸಿತು. ಆಫೀಸಿನವರು ಯಾರೋ ತನಿಖೆಗೆ ಬಂದಿದ್ದಾರಾ? ನಿನ್ನ ಕೆಲಸಕ್ಕೆ ಕುತ್ತು ಬಂದಿದ್ದರೆ ಹೇಳು. ಎಲ್ಲವನ್ನೂ ಓದಿ ಹೇಳಿದಳು, ನಾನು ಕೇಳಿಸಿಕೊಂಡೇ ಸಹಿ ಹಾಕಿದೆ ಎಂದು ಬರೆದುಕೊಡುತ್ತೇನೆ. ನನ್ನದೊಂದು ಸಹಿಯಿಂದ ಯಾರಿಗಾದರೂ ಒಳ್ಳೆಯದಾಗಲಿ.

ಮನೆಯವರಿಗೆ ಏನೂ ಹೇಳಬೇಡ. ಆರಿದ ಒಲೆ ಕೆದಕಿದರೆ ಬೂದಿ ಕಣ್ಣಿಗೇ ಬೀಳುವುದು.

ಇಲ್ಲಿ ಚೆನ್ನಾಗಿದ್ದೇನೆ. ಕಾಲರ್ ಹೊಲಿಯುತ್ತೇನೆ, ದಿನಕ್ಕೆ ನೂರ ನಲವತ್ತು. ಮೈ ಹೊಲಿಯುವವರು ಬೇರೆ, ತೋಳು ಹೊಲಿಯುವವರು ಬೇರೆ. ಪೂರ್ತಿ ಅಂಗಿಯನ್ನು ನಾನು ನೋಡಿಯೇ ಇಲ್ಲ. ನಿದ್ದೆ ಬರುತ್ತದೆ. ಅದನ್ನು ಡಾಕ್ಟರಮ್ಮನಿಗೆ ಹೇಳು, ಸಂತೋಷಪಡುತ್ತಾರೆ. ತಿಲೆಕ್ ಹೋದ ಮೇಲೆ ಮೂರು ವರ್ಷ ನೀರಿನ ಸದ್ದು ಕೇಳಿ ಎದ್ದು ಕೂರುತ್ತಿದ್ದೆ. ಈಗ ದಿಂಬಿಗೆ ತಲೆ ಕೊಟ್ಟರೆ ಬೆಳಗಾಗುತ್ತದೆ.

ಐಜಮಾಲ್‌ಗೆ ಮುಂದಿನ ಎರಡು ಹಲ್ಲು ಬಂದವಾ? ಜಡೆ ಯಾರು ಹಾಕುತ್ತಾರೆ? ನಮ್ಮತ್ತೆ ಜಡೆ ಹಾಕಿದರೆ ಹುಬ್ಬು ಮೇಲೇರುವ ಹಾಗೆ ಎಳೆಯುತ್ತಾರೆ. ಸಡಿಲ ಮಾಡಿಕೊಳ್ಳಲು ಅವಳಿಗೆ ಬರುವುದಿಲ್ಲ. ಅವಳ ವಿಷಯ ಬರಿ. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ.

ಉಲ್ಕಾನ್

*

ತುಯುಕ್-ಬೆಲ್
2 ಡಿಸೆಂಬರ್ 2006

ಉಲ್ಕಾನ್ ಅಕ್ಕಾ,

ನಿಮ್ಮ ಪತ್ರ ಕೈ ಸೇರುವುದಕ್ಕೆ ಮೊದಲೇ ನಿಮ್ಮ ಮನೆಗೆ ಹೋಗಿಬಿಟ್ಟಿದ್ದೆ. ಇನ್ನು ಮುಂದೆ ನಿಮ್ಮಿಂದ ಒಂದನ್ನೂ ಮುಚ್ಚಿಡುವುದಿಲ್ಲ ಎಂದು ಆಣೆ ಮಾಡಿಕೊಂಡಿದ್ದೇನೆ. ಅದಕ್ಕೇ ನಡೆದದ್ದನ್ನೆಲ್ಲ ಬರೆಯುತ್ತೇನೆ.

ಬುರ್ಮಾ ಅಜ್ಜಿ ಒಬ್ಬರೇ ಉಣ್ಣೆ ಬಿಡಿಸುತ್ತಿದ್ದರು.

"ಬಾ, ಕೂತ್ಕೋ. ರೊಟ್ಟಿ ಮುರಿ."

"ಮೊದಲು ಮಾತು ಅಜ್ಜಿ, ರೊಟ್ಟಿ ಆಮೇಲೆ."

"ಇದ್ಯಾವ ಹೊಸ ಪದ್ಧತಿಯೇ? ಶಾಲೆ ಬಿಟ್ಟೋರಿಗೆ ಇದನ್ನೂ ಕಲಿಸ್ತಾರಾ?"

ನಾನು ಹೇಳಿದೆ. ಕಾಗದದ ಮೂರನೆಯ ಭಾಗ, ಆಸ್ಪತ್ರೆಯಲ್ಲೇ ಇಡಬಹುದಾಗಿದ್ದ ಕ್ಯಾಸೆಟ್ಟು, ಎಲ್ಲ. ಅವರು ಉಣ್ಣೆ ಕೆಳಗಿಡದೆ ಕೇಳಿದರು.

"ಆಯ್ತು. ಹೆಸರು ಹಿಡಿದು ಕೂಗು ಅಂತ ಆ ಕಾಗದದಲ್ಲಿ ಬರೆದಿತ್ತಾ?"

"ಇಲ್ಲ ಅಜ್ಜಿ."

"ಮತ್ತೆ? ನೀನು ಓದಿದ್ರೇನು, ಬಿಟ್ರೇನು? ಹೊಳೆ ಮಾತು ನಿಜವೋ ಸುಳ್ಳೋ, ಅದನ್ನ ದೇವರು ನೋಡ್ಕೊಳ್ತಾನೆ. ಈ ಮನೆ ಸೇರಿ ನಲವತ್ತಾರು ವರ್ಷ ಆಯ್ತು. ನನ್ನ ಮಾವನ ಹೆಸರನ್ನ ಅವರ ಗೋರಿ ಮುಂದೆ ಕೂಡ ನಾನು ಅಂದಿಲ್ಲ. ಇವಳು ನೆಂಟರ ಕಿವಿ ತುಂಬ ಕೂಗಿದಳಲ್ಲೇ!"

"ಅವರು ನೆಂಟರ ಮುಂದೆ ಕೂಗಲಿಲ್ಲ. ಕ್ಯಾಸೆಟ್ಟು ಹಾಕಿದ್ದು ನೀವು."

"ನಿನ್ನ ಬಾಯಿಗೆ ನಿಜವಾಗ್ಲೂ ಬಾಗಿಲಿಲ್ಲ" ಅಂದರು. ಬೈದ ಹಾಗಿರಲಿಲ್ಲ, ಸುಸ್ತಾದ ಹಾಗಿತ್ತು. ಒಳಗಿನ ಕೋಣೆಯಿಂದ ನಿಮ್ಮ ಮಾವ ಏನೋ ಗೊರಗೊರ ಅಂದರು. ಸೆಪ್ಟೆಂಬರಿನಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋಗಿದೆ. ನಿಮಗೆ ಯಾರೂ ತಿಳಿಸಿರಲಿಕ್ಕಿಲ್ಲ.

ಆಮೇಲೆ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ನಿಮ್ಮ ಕಡತ ತೆಗೆದು ತೋರಿಸಿದರು.

"ನೋಡು ಕನಿಶಾಯ್, ಬಂದಾಗ ಸಂಕಟದ ಅಂಕ ನಲವತ್ತೊಂದು ಇತ್ತು. ಮುಗಿದಾಗ ಹನ್ನೆರಡು. ಹದಿನೇಳು ಪ್ರಶ್ನೆಗೂ ಉತ್ತರ ಸುಧಾರಿಸಿದೆ. ಪುಸ್ತಕದಲ್ಲಿ ಇದಕ್ಕೆ ಗುಣ ಆಗೋದು ಅಂತಾರೆ."

"ಅವರ ಮನೆ ಹೋಯ್ತು, ಮಗಳು ಹೋದ್ಲು."

"ಆ ಪ್ರಶ್ನೆ ಹದಿನೇಳರಲ್ಲಿ ಇಲ್ಲ" ಅಂದರು. ಅಂದ ಮೇಲೆ ತಲೆ ತಗ್ಗಿಸಿದರು.

ನಾನು ಮೂರನೆಯ ಭಾಗದ ವಿಷಯ ಹೇಳಿದೆ. ಕೆಲಸದಿಂದ ತೆಗೆಯುತ್ತಾರೆ ಎಂದು ತಯಾರಾಗಿಯೇ ಹೋಗಿದ್ದೆ. ಅವರು ಕಡತ ಮುಚ್ಚಿ ಹೇಳಿದರು: "ಎರಡು ಪುಟದ ಕಾಗದ ಮೂರು ನಿಮಿಷಕ್ಕೆ ಮುಗೀತು. ನಂಗೂ ಗಡಿಯಾರ ಇದೆ ಕನಿಶಾಯ್. ನಾನೂ ಚಹಾ ಕುಡೀತಾ ಕೂತಿದ್ದೆ."

ಈಗ ಐಜಮಾಲ್. ಹಲ್ಲು ಬಂದಿವೆ, ಒಂದು ಸ್ವಲ್ಪ ಸೊಟ್ಟ. ಜಡೆ ಅಜ್ಜಿಯೇ ಹಾಕುತ್ತಾರೆ. ನಿಮ್ಮ ಗಂಡ ಎಸೆನ್ ಅಣ್ಣ ರಷ್ಯಾದಿಂದ ನೀಲಿ ಕೋಟು ಕಳಿಸಿದ್ದಾರೆ. ಐಜಮಾಲ್ ಬಾವಿಯ ಹತ್ತಿರ ಸಿಕ್ಕಳು, "ನಿನ್ನ ಅಮ್ಮ ಕೇಳಿದರು" ಅಂದೆ. ಅವಳು ಅಂದದ್ದನ್ನು ಹಾಗೇ ಬರೆಯುತ್ತೇನೆ: "ಅಮ್ಮ ತಾತನ ಹೆಸರು ಕೂಗಿದ್ದಕ್ಕೇ ತಾತನ ಮಾತು ಹೋಯ್ತಂತೆ. ಅಮ್ಮಂಗೆ ಹೇಳಕ್ಕಾ, ನನ್ನ ಹೆಸರು ಮಾತ್ರ ಕೂಗೋದು ಬೇಡ."

ಕನಿಶಾಯ್

*

ಬಿಷ್ಕೆಕ್
21 ಜನವರಿ 2007

ಕನಿಶಾಯ್,

ಕೊನೆಯ ಆ ಎರಡು ಸಾಲನ್ನು ಬರೆಯುವ ಮೊದಲು, ಓದುತ್ತೀರಾ ಎಂದು ನನ್ನನ್ನು ಕೇಳಿದೆಯಾ?

ಗೇಟಿನ ಹತ್ತಿರ ನಿಂತು ಓದಿದೆ. ಪಕ್ಕದಲ್ಲಿ ತೋಳು ಹೊಲಿಯುವ ಹುಡುಗಿಯರು ಸೂರ್ಯಕಾಂತಿ ಬೀಜ ತಿನ್ನುತ್ತ ನಗುತ್ತಿದ್ದರು. ಕೂತುಕೊಳ್ಳುವುದಕ್ಕೆ ಒಂದು ಜಾಗ ಇರಲಿಲ್ಲ. ಮೊದಲನೆಯ ಸಲ ನೀನು ಹೇಳದೆ ಬಿಟ್ಟೆ, ಈ ಸಲ ಬಿಡದೆ ಹೇಳಿದೆ. ಎರಡೂ ಸಲ ನನ್ನನ್ನು ಕೇಳಲಿಲ್ಲ. ನಿಜ ಹೇಳುವವರಿಗೆ ಒಂದು ಸೊಕ್ಕಿರುತ್ತದೆ ಕಣೇ. ತಮ್ಮ ಹೊರೆ ಇಳಿಸಿ ಮುಂದಕ್ಕೆ ಹೋಗುತ್ತಾರೆ. ಇಳಿಸಿದ್ದು ಯಾರ ಕಾಲ ಮೇಲೆ ಎಂದು ನೋಡುವುದಿಲ್ಲ.

ಬೈದು ಮುಗಿಯಿತು. ಈಗ ನಾನು ಬಚ್ಚಿಟ್ಟದ್ದನ್ನು ಹೇಳುತ್ತೇನೆ. ಕೇಳುತ್ತೀಯಾ? ಬೇಡವಾದರೆ ಇಲ್ಲಿಗೇ ಮಡಚಿಡು.

ಹೊಳೆಯ ದಡದಲ್ಲಿ ಅವತ್ತು ನಾನು ಹೆಸರು ಕೂಗಲಿಲ್ಲ. ಕ್ಯಾಸೆಟ್ಟು ಕೇಳಿದ ನೀವೆಲ್ಲ ನಾನು ಕೂಗಿದೆ ಅಂದುಕೊಂಡಿರಿ. ಅವತ್ತು ನಾನು ಕೂಗಿದ್ದು "ದೊಡ್ಡವರೇ, ದೊಡ್ಡವರೇ" ಎಂದು. ದಡದಲ್ಲಿ ನನಗಿಂತ ದೊಡ್ಡವರು ಇನ್ನೂ ಐದು ಗಂಡಸರಿದ್ದರು. ಐದೂ ಜನ ನನ್ನ ಕಡೆ ತಿರುಗಿದರು. ಕುದುರೆಯ ಮೇಲಿದ್ದವರು ತಿರುಗಲಿಲ್ಲ. ಹೆಸರು ಗಂಟಲಲ್ಲಿತ್ತು, ಹೊರಗೆ ಬರಲಿಲ್ಲ. ತಿರುಗಿದ್ದರೆ ಕುದುರೆ ನಿಲ್ಲುತ್ತಿತ್ತೋ ಏನೋ.

ಡಾಕ್ಟರಮ್ಮನ ಕೋಣೆಯಲ್ಲಿ ಆರನೇ ಸಲ ಹೇಳುವಾಗ ಆ ಹೆಸರು ಬಂತು. ಮೂರು ವರ್ಷ ತಡವಾಗಿ ಬಂತು. ಅವತ್ತೇ ನಿದ್ದೆಯೂ ಬಂತು.

ಇನ್ನೊಂದು. ಮೂರನೆಯ ಭಾಗ ಓದಿದ್ದರೆ ಎಲ್ಲ ಸರಿಯಿರುತ್ತಿತ್ತು ಎಂದು ನೀನು ಕೊರಗುತ್ತಿದ್ದೀಯ. ಯೋಚನೆ ಮಾಡು. ಅತ್ತೆ ಮೇಲಿನ ಜಾಗದಲ್ಲಿ ಕೂತಿದ್ದಾರೆ, ರೊಟ್ಟಿ ಮುರಿದಾಗಿದೆ, ನನ್ನ ಕೈಯಲ್ಲಿ ಚಹಾದ ಪಾತ್ರೆ ಇದೆ. ನೀನು ಓದುತ್ತೀಯ: 'ಇದನ್ನು ಕೇಳಬಾರದವರು ಮನೆಯಲ್ಲಿದ್ದರೆ ತಿಳಿಸಿ.' ನಾನೇನು ಹೇಳಬೇಕಿತ್ತು? 'ಇದ್ದಾರೆ, ಪಕ್ಕದಲ್ಲೇ ಕೂತಿದ್ದಾರೆ' ಎಂದೇ? ಪೂರ್ತಿ ಓದಿದ್ದರೂ ಸಹಿ ಹಾಕುತ್ತಿದ್ದೆ. ಇಲ್ಲ ಅನ್ನುವ ಮಾತನ್ನು ನಾನು ಕಲಿತವಳೇ ಅಲ್ಲ.

ಇದು ನಿನಗೆ ಸಮಾಧಾನ ಆಗಲಿ ಎಂದು ಬರೆದದ್ದಲ್ಲ.

ಉಲ್ಕಾನ್

*

ತುಯುಕ್-ಬೆಲ್
25 ಫೆಬ್ರವರಿ 2007

ಉಲ್ಕಾನ್ ಅಕ್ಕಾ,

ನಿಮ್ಮ ಪತ್ರ ಓದಿದೆ. ಕ್ಷಮೆ ಕೇಳುವುದಿಲ್ಲ. ಅದನ್ನು ಕೊಡುವ ಕೆಲಸವೂ ನಿಮ್ಮ ತಲೆಗೇ ಬರುತ್ತದೆ.

ಈ ಸಲ ಕೇಳಿ ಬರೆಯುತ್ತೇನೆ. ನನ್ನ ಹತ್ತಿರ ಹೇಳುವ ವಿಷಯಗಳಿವೆ. ಡಾಕ್ಟರಮ್ಮನ ಕಡೆಯದೊಂದು, ಅದಕ್ಕೆ ನಿಮ್ಮ ಒಪ್ಪಿಗೆ ಬೇಕು, ತೊಂದರೆಯದಲ್ಲ. ನನ್ನದೊಂದು, ಅದರಿಂದ ನಿಮಗೇನೂ ಆಗುವುದಿಲ್ಲ. ಐಜಮಾಲ್‌ದೊಂದು. ಅವಳು ಆರೋಗ್ಯವಾಗಿದ್ದಾಳೆ, ಅಷ್ಟನ್ನು ಹೇಳಬಹುದು ಅನ್ನಿಸುತ್ತದೆ. ಆದರೆ ಆ ಸುದ್ದಿ ಕೇಳಿದರೆ ನಿಮಗೆ ನೋವಾಗುತ್ತದೆ, ಕಳೆದ ಸಲಕ್ಕಿಂತ ಹೆಚ್ಚು.

ಯಾವುದನ್ನು ಬರೆಯಲಿ, ಯಾವುದನ್ನು ಬಿಡಲಿ, ನೀವೇ ಹೇಳಿ. ಯಾವುದೂ ಬೇಡವೆಂದರೂ ಸರಿ. ಕಾರಣ ಹೇಳಬೇಕಾಗಿಲ್ಲ.

ಕಣಿವೆಯ ದಾರಿ ಹಿಮ ಬಿದ್ದು ಮುಚ್ಚಿದೆ. ತೆರೆದ ಮೇಲೆ ಜುಮಶ್ ಅಣ್ಣ ಇದನ್ನು ತರುತ್ತಾನೆ.

ಕನಿಶಾಯ್

*

ಬಿಷ್ಕೆಕ್
15 ಏಪ್ರಿಲ್ 2007

ಕನಿಶಾಯ್,

ನಿನ್ನ ಪತ್ರ ಬಂದು ಮೂರು ಭಾನುವಾರ ಆಯಿತು. ಎರಡು ಸಲ ಬರೆದು ಹರಿದೆ.

ಡಾಕ್ಟರಮ್ಮನದು ಬರಿ. ನಿನ್ನದೂ ಬರಿ. ನಿನ್ನದನ್ನು ಕೊನೆಗೆ ಇಟ್ಟಿದ್ದರೂ ಅದನ್ನೇ ಮೊದಲು ಓದುತ್ತೇನೆ.

ಐಜಮಾಲ್‌ದು ಬೇಡ.

ಆರೋಗ್ಯವಾಗಿದ್ದಾಳೆ ಅಂದೆಯಲ್ಲ, ಅಷ್ಟು ಸಾಕು. ಉಳಿದದ್ದು ಏನೆಂದು ನನಗೆ ಅಂದಾಜಿದೆ. ಅತ್ತೆಯನ್ನು ಅಮ್ಮ ಅನ್ನಲು ಶುರು ಮಾಡಿರಬೇಕು, ಇಲ್ಲ ನನ್ನ ಬಟ್ಟೆಯನ್ನೆಲ್ಲ ಸುಟ್ಟಿರಬೇಕು. ಅಂದಾಜಿನ ಜೊತೆ ಇರಬಲ್ಲೆ. ಬೆಳಿಗ್ಗೆ ಎದ್ದು ಕಾಲರ್ ಹೊಲಿಯಬೇಕು. ಮನಸ್ಸು ಗಟ್ಟಿಯಾದ ದಿನ ನಾನೇ ಕೇಳುತ್ತೇನೆ. ಬರುವ ಚಳಿಗಾಲಕ್ಕೆ, ಅಥವಾ ಅದರ ಮುಂದಿನದಕ್ಕೆ. ಸುದ್ದಿ ಎಲ್ಲಿಗೆ ಹೋಗುತ್ತದೆ?

ಹುಟ್ಟಿದ ಮೇಲೆ ಯಾರಿಗಾದರೂ ಬೇಡ ಅಂದದ್ದು ಇದೇ ಮೊದಲು ಕಣೇ. ಮೂವತ್ತು ವರ್ಷವಾಯಿತು. ಬರೆದು ಒಂದು ಗಳಿಗೆ ಪೆನ್ನು ಹಿಡಿದು ಕೂತೆ. ಯಾರೂ ಬೈಯಲಿಲ್ಲ. ಮಿಷನ್ನುಗಳು ಓಡುತ್ತಲೇ ಇದ್ದವು. ಇದನ್ನು ಜೋಪಾನವಾಗಿ ಇಟ್ಟುಕೋ.

ಉಲ್ಕಾನ್

*

ತುಯುಕ್-ಬೆಲ್
10 ಮೇ 2007, ಗುರುವಾರ

ಉಲ್ಕಾನ್ ಅಕ್ಕಾ,

ನಿಮ್ಮ ಪತ್ರ ಇವತ್ತು ಬೆಳಿಗ್ಗೆ ಸಿಕ್ಕಿತು. ಜುಮಶ್ ಅಣ್ಣನ ವ್ಯಾನು ಕೆಟ್ಟು ಮೂರು ವಾರ ನಾರಿನ್‌ನಲ್ಲೇ ನಿಂತಿತ್ತು, ಪತ್ರ ಅದರ ಸೀಟಿನ ಕೆಳಗಿತ್ತು.

ನೀವು ಕೇಳಿದ ಎರಡು ವಿಷಯ ಈ ಹಾಳೆಯಲ್ಲಿವೆ.

ಮೂರನೆಯ ಭಾಗ ಬಿಟ್ಟದ್ದನ್ನು ಡಿಸೆಂಬರಿನಲ್ಲೇ ನಾನು ಈ ಅಧ್ಯಯನದ ತಪ್ಪುಒಪ್ಪು ನೋಡುವ ಸಮಿತಿಗೆ ಬರೆದು ಕಳಿಸಿದ್ದೆ. ಡಾಕ್ಟರಮ್ಮ ತಡೆಯಲಿಲ್ಲ. ಆದರೆ ಒಂದು ಮಾತು ಹೇಳಿದರು: "ನಿನ್ನ ಓದು ಸರಿಯಿಲ್ಲ ಅಂದ್ರೆ ನಲವತ್ತೆರಡು ಜನಾನೂ ಲೆಕ್ಕದಿಂದ ಹೋಗ್ತಾರೆ. ಈ ಚಿಕಿತ್ಸೆ ಇಲ್ಲಿಗೇ ನಿಲ್ಲತ್ತೆ. ಪಕ್ಕದ ಕಣಿವೇಲಿ ಭೂಕುಸಿತಕ್ಕೆ ಮಕ್ಕಳನ್ನ ಕಳ್ಕೊಂಡೋರು ನಿದ್ದೆ ಇಲ್ಲದೆ ಕೂತಿದ್ದಾರೆ, ಅವರಿಗೆ ನೀನೇ ಉತ್ತರ ಹೇಳು." ಆದರೂ ಕಳಿಸಿದೆ.

ಸಮಿತಿಯ ಉತ್ತರ ಫೆಬ್ರವರಿಯಲ್ಲಿ ಬಂತು, ಆರು ಸಾಲು. ಸಹಿಗಳೆಲ್ಲ ಕ್ರಮವಾಗಿವೆ. ಅಧ್ಯಯನ ಮುಗಿದಿದೆ. ಸಂಬಂಧಪಟ್ಟ ವ್ಯಕ್ತಿಯ ಅಂಕಗಳು ಸುಧಾರಿಸಿರುವುದರಿಂದ ಹಾನಿ ಕಂಡುಬಂದಿಲ್ಲ. ಓದುವ ಕೆಲಸಕ್ಕೆ ಇನ್ನು ಮುಂದೆ ಶಾಲೆ ಮುಗಿಸಿದವರನ್ನೇ ನೇಮಿಸಬೇಕು. ಇದೇ ನನ್ನ ಸುದ್ದಿ ಕೂಡ. ಈಗ ಉಣ್ಣೆ ತೊಳೆಯುವ ಕೆಲಸಕ್ಕೆ ಹೋಗುತ್ತೇನೆ. ಕೈ ಒಡೆದಿದೆ, ಅದಕ್ಕೇ ಅಕ್ಷರ ಹೀಗೆ.

ಡಾಕ್ಟರಮ್ಮ ಕೇಳುತ್ತಿರುವುದು ಇದು. ಹೊಸ ಡಾಕ್ಟರುಗಳಿಗೆ ಕಲಿಸಲು ನಿಮ್ಮ ಕ್ಯಾಸೆಟ್ಟು ಬೇಕಂತೆ. ನಿಮ್ಮ ಹೆಸರು, ಮಾವನ ಹೆಸರು, ಊರಿನ ಹೆಸರು ಅಳಿಸುತ್ತಾರೆ. ದನಿ ಅಳಿಸಲಾಗುವುದಿಲ್ಲ, ಗೊತ್ತಿದ್ದವರು ಗುರುತು ಹಿಡಿಯಬಹುದು. ಇದರಿಂದ ನಿಮಗೆ ಲಾಭವಿಲ್ಲ. ಆಗುವುದಿಲ್ಲ ಎಂದರೆ ಕ್ಯಾಸೆಟ್ಟನ್ನು ನಿಮಗೇ ಕೊಟ್ಟುಬಿಡುತ್ತಾರೆ, ನಾನು ಕೇಳಿಕೊಂಡಿದ್ದೇನೆ. ಉತ್ತರವೇ ಬರೆಯದಿದ್ದರೂ ಅದನ್ನು ಬೇಡವೆಂದೇ ತಿಳಿಯುತ್ತಾರೆ. ಕಾಗದವನ್ನು ನಮ್ಮ ಮಾತಿನಲ್ಲಿ ನಾನೇ ಬರೆದು ಇಟ್ಟಿದ್ದೇನೆ. ಒಂದು ಸಾಲೂ ಬಿಟ್ಟಿಲ್ಲ.

ಈ ಹಾಳೆಯ ಜೊತೆ ಬಿಳಿ ಬಟ್ಟೆಯ ಸಣ್ಣ ಚೀಲವಿದೆ. ಅದರ ಬಾಯಿಯನ್ನು ಹೊಲಿದಿದ್ದೇನೆ. ನೀವು ಬೇಡ ಅಂದ ಸುದ್ದಿ ಅದರಲ್ಲಿದೆ. ಫೆಬ್ರವರಿಯಲ್ಲಿ ನಿಮ್ಮನ್ನು ಕೇಳುವಾಗ ನಾನು ಮತ್ತೆ ಒಂದು ಸಾಲು ಬಿಟ್ಟಿದ್ದೆ ಅಕ್ಕಾ: ಈ ಸುದ್ದಿ ನಿಮಗಾಗಿ ಕಾದು ಕೂರುವುದಲ್ಲ, ಇದಕ್ಕೊಂದು ಗಡುವು ಇದೆ ಎನ್ನುವ ಸಾಲು. ಗಡುವಿನ ಮಾತು ಎತ್ತಿದರೆ ಸುದ್ದಿಯನ್ನೇ ಹೇಳಿದ ಹಾಗಾಗುತ್ತದೆ ಅಂದುಕೊಂಡೆ. ನೀವು ಬೇಡ ಅಂದದ್ದು ಅದನ್ನು ತಿಳಿಯದೆ. ಈಗ ತಿಳಿಸಿದ್ದೇನೆ. ಈ ಹಾಳೆ ನಿಮ್ಮ ಕೈಗೆ ಬರುವುದು ಗೇಟು ತೆರೆಯುವ ಭಾನುವಾರ. ಗಡುವು ಶನಿವಾರ ಮುಗಿದಿರುತ್ತದೆ. ಇದನ್ನೂ ಸೇರಿಸಿ ಯೋಚನೆ ಮಾಡಿ.

ಹೊಲಿಗೆ ದೊಡ್ಡದಾಗಿ ಹಾಕಿದ್ದೇನೆ. ಬಿಚ್ಚುವುದಾದರೆ ಕತ್ತರಿ ಬೇಕಾಗುವುದಿಲ್ಲ.

ಕನಿಶಾಯ್

*

(ಚೀಲದೊಳಗಿನ ಹಾಳೆ)

10 ಮೇ 2007, ಸಂಜೆ

ಉಲ್ಕಾನ್ ಅಕ್ಕಾ,

ಬಿಚ್ಚಿದ್ದೀರಿ. ಸರಿ.

ಎಸೆನ್ ಅಣ್ಣ ರಷ್ಯಾದಲ್ಲಿ ಇನ್ನೊಂದು ಮದುವೆಯಾಗಿದ್ದಾರೆ. ಮೇ ತಿಂಗಳಲ್ಲಿ ಬಂದು ಐಜಮಾಲ್‌ಳನ್ನು ಕರೆದುಕೊಂಡು ಹೋಗುತ್ತೇನೆ ಎಂದು ಫೆಬ್ರವರಿಯಲ್ಲಿ ಬರೆದಿದ್ದರು. ಸೋಮವಾರ ಬಂದರು. ರೈಲು ಶನಿವಾರ ಮಧ್ಯಾಹ್ನ, ಬಿಷ್ಕೆಕ್ ನಿಲ್ದಾಣದಿಂದ. ಮಾವನಿಗೆ ಮಾತಿಲ್ಲ, ಅಜ್ಜಿಗೆ ಕೈ ನಡುಗುತ್ತದೆ, ಇನ್ನು ಇಲ್ಲಿ ಅವಳಿಗೆ ಯಾರಿದ್ದಾರೆ ಎನ್ನುತ್ತಾರೆ. ಈ ಕಡೆ ಮತ್ತೆ ಬರುವ ಮಾತೇ ಇಲ್ಲ.

ಇವತ್ತು ನಿಮ್ಮ ಪತ್ರ ಓದಿದ ಕೂಡಲೇ ಅಂಚೆ ಕಚೇರಿಗೆ ಓಡಿದೆ. ನಿಮ್ಮ ಕಾರ್ಖಾನೆಗೆ ಫೋನ್ ಮಾಡಿದೆ. ಕೆಲಸದವರನ್ನು ಫೋನಿಗೆ ಕರೆಯುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ಆದರೆ ಆ ಕಡೆಯ ಹೆಂಗಸು, "ಊರಿಂದಾನಾ? ಯಾರಾದ್ರೂ ತೀರ್ಕೊಂಡ್ರಾ? ಇರು, ಕರೀತೀನಿ" ಅಂದಳು. ರಿಸೀವರನ್ನು ಮೇಜಿನ ಮೇಲಿಟ್ಟು ಹೋದಳು. ಮಿಷನ್ನುಗಳ ಸದ್ದು ಕೇಳುತ್ತಿತ್ತು. ಯಾರೋ "ಉಲ್ಕಾನ್! ಫೋನು!" ಎಂದು ಕೂಗಿದರು. ಒಂದು ಮಿಷನ್ನಿನ ಸದ್ದು ನಿಂತಿತು. ನಿಮ್ಮದಿರಬೇಕು.

ನಿಮ್ಮ ಪತ್ರ ನನ್ನ ಕೈಯಲ್ಲೇ ಇತ್ತು. ಐಜಮಾಲ್‌ದು ಬೇಡ. ಜೋಪಾನವಾಗಿ ಇಟ್ಟುಕೋ.

ನಾನು ಫೋನ್ ಇಟ್ಟುಬಿಟ್ಟೆ.

ಮಾಡಿದ್ದು ಸರಿ ಎಂದು ಹೇಳುತ್ತಿಲ್ಲ. ಇಟ್ಟ ಮೇಲೆ ಮತ್ತೆ ಎರಡು ಸಲ ನಂಬರು ತಿರುಗಿಸಿದೆ, ಯಾರೂ ಎತ್ತಲಿಲ್ಲ. ಎತ್ತಿದ್ದರೆ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಗೊತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಿಮ್ಮನ್ನು ಮಿಷನ್ನಿನಿಂದ ಎಬ್ಬಿಸಿ ಬರಿಯ ಫೋನಿನ ಮುಂದೆ ನಿಲ್ಲಿಸಿದವಳು ನಾನೇ.

ಆಮೇಲೆ ನಿಮ್ಮ ಮನೆಗೆ ಹೋದೆ. ಅಜ್ಜಿ ರೊಟ್ಟಿ ತಂದರು. ಐಜಮಾಲ್ ಅದರ ಅಂಚನ್ನು ಒಂದು ಸಲ ಕಚ್ಚಿದಳು, ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿ ಅಜ್ಜಿ ಮಾಡಿನ ಗೂಟಕ್ಕೆ ನೇತುಹಾಕಿದರು, ದೂರ ಹೋದವರು ತಿರುಗಿ ಬಂದು ತಿನ್ನಲಿ ಎಂದು. ಹಾಕುವಾಗ ಅಜ್ಜಿ ಅತ್ತರು. ನಿಮ್ಮ ಹೆಸರಿನಲ್ಲಿ ಅಲ್ಲಿ ರೊಟ್ಟಿ ಇಲ್ಲ. ನೋಡಿದೆ.

ನಾನು ಐಜಮಾಲ್‌ಳ ಜಡೆ ಬಿಚ್ಚಿ ಸಡಿಲವಾಗಿ ಹಾಕಿದೆ.

"ಅಮ್ಮ ಇರೋ ಊರಿನ ಮೇಲೇನಾ ರೈಲು ಹೋಗೋದು?" ಎಂದು ಕೇಳಿದಳು.

"ಹೌದು. ಅಲ್ಲಿಂದಲೇ ಹೊರಡೋದು."

"ಅಮ್ಮಂಗೆ ಗೊತ್ತಾ?"

"ಇಲ್ಲ" ಅಂದೆ. ಬೇರೆ ಏನು ಹೇಳಲಿ ಅಕ್ಕಾ.

ಜುಮಶ್ ಅಣ್ಣನ ವ್ಯಾನು ರಿಪೇರಿಯಾಗಿದೆ. ಈ ಪತ್ರವೂ ಅವಳೂ ಅದರಲ್ಲೇ. ಪತ್ರ ಸೀಟಿನ ಕೆಳಗೆ, ಅವಳು ಕಿಟಕಿಯ ಪಕ್ಕ. ನೀಲಿ ಕೋಟಿನ ತೋಳು ಈಗಾಗಲೇ ಗಿಡ್ಡವಾಗಿದೆ.

ನಾಳೆ ಬೆಳಿಗ್ಗೆ ಆರಕ್ಕೆ ಹೊರಡುತ್ತಾರೆ.